ಒಂದೇ ಈಕ್ವಲೈಜರ್ ಸೆಟ್ಟಿಂಗ್ ಎಲ್ಲ ಇಯರ್‌ಫೋನಿಗೂ ಹೊಂದುತ್ತದೆಯೇ?

“ಈಕ್ವಲೈಜರ್ ಹೀಗೆ ಇಡಿ, ಯಾವ ಇಯರ್‌ಫೋನಿನಲ್ಲೂ ಥಿಯೇಟರ್ ಸೌಂಡ್ ಬರುತ್ತದೆ” ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಇದು ನಿಜವೇ? ಇಲ್ಲ.

ದಪ್ಪ ಮತ್ತು ತೆಳು ದನಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವುದೇ ಈಕ್ವಲೈಜರ್ ಕೆಲಸ. ನಿಟ್ಟೂರು, ಹೊಸನಗರ ಕಡೆ ಯಕ್ಷಗಾನ ನೋಡಿದವರಿಗೆ ಇದರ ಅಗತ್ಯ ಗೊತ್ತು: ಚಂಡೆಯ ಅಬ್ಬರದ ನಡುವೆಯೂ ಭಾಗವತರ ಪದ ಸ್ಪಷ್ಟವಾಗಿ ಕೇಳಬೇಕು.

ಆದರೆ ಈಕ್ವಲೈಜರ್ ಸರಿಯಿದ್ದರೆ ಸಾಲದು, ಮುಂದೆ ಏನು ಜೋಡಿಸಿದ್ದೇವೆ ಎಂಬುದೂ ಮುಖ್ಯ. ವಿದ್ಯುತ್ತಿಗೆ ಸ್ಪೀಕರ್ ಅಥವಾ ಇಯರ್‌ಫೋನ್ ಒಡ್ಡುವ ತಡೆಯೇ ಇಂಪಿಡೆನ್ಸ್. ಇದರ ಅಳತೆ ಓಮ್. ಡಬ್ಬಿಯ ಮೇಲೆ 16 ಓಮ್ ಎಂದು ಒಂದೇ ಅಂಕಿ ಇದ್ದರೂ, ಹಲವು ಇಯರ್‌ಫೋನ್‌ಗಳಲ್ಲಿ ಈ ತಡೆ ಒಂದೊಂದು ಸ್ವರಕ್ಕೆ ಒಂದೊಂದು ರೀತಿ ಇರುತ್ತದೆ.

ಒಂದು ಲೆಕ್ಕ ನೋಡೋಣ. ಇಯರ್‌ಫೋನಿನ ತಡೆ ಒಂದು ಸ್ವರದಲ್ಲಿ 8 ಓಮ್, ಇನ್ನೊಂದರಲ್ಲಿ 40 ಓಮ್ ಎಂದುಕೊಳ್ಳಿ. ಫೋನಿನ ಒಳತಡೆ 10 ಓಮ್ ಇದ್ದರೆ ಮೊದಲ ಸ್ವರಕ್ಕೆ ಸಿಗ್ನಲ್ಲಿನ 44% ಮಾತ್ರ ತಲುಪುತ್ತದೆ, ಎರಡನೆಯದಕ್ಕೆ 80%. ಅಂದರೆ ನೀವು ಈಕ್ವಲೈಜರ್ ಮುಟ್ಟದಿದ್ದರೂ ಸುಮಾರು 5 ಡೆಸಿಬೆಲ್ ವ್ಯತ್ಯಾಸ! ಒಳತಡೆ 1 ಓಮ್ ಇದ್ದರೆ ಈ ವ್ಯತ್ಯಾಸ 1 ಡೆಸಿಬೆಲ್ಲಿಗಿಂತ ಕಡಿಮೆ.

ಇದನ್ನು ಅಳೆಯುವುದು ಹೀಗೆ: 20ರಿಂದ 20,000 ಹರ್ಟ್ಸ್‌ವರೆಗೆ ಒಂದೇ ಮಟ್ಟದ ಸಿಗ್ನಲ್ ಕೊಟ್ಟು, ಏನನ್ನೂ ಜೋಡಿಸದೆ ಒಮ್ಮೆ, ಜೋಡಿಸಿ ಇನ್ನೊಮ್ಮೆ ಔಟ್‌ಪುಟ್ ವೋಲ್ಟೇಜ್ ಬರೆದುಕೊಳ್ಳಬೇಕು. ಗ್ರಾಫಿನ ಗೆರೆ ಇಡಿಯಾಗಿ ಕೆಳಗಿಳಿದರೆ ಸದ್ದು ಮಾತ್ರ ಕಡಿಮೆಯಾಗಿದೆ. ಗೆರೆಯ ಆಕಾರವೇ ಬದಲಾದರೆ ದನಿಯ ಗುಣವೂ ಬದಲಾಗಿದೆ. ಸಾಮಾನ್ಯ ಮಲ್ಟಿಮೀಟರ್ ಹೆಚ್ಚಿನ ಹರ್ಟ್ಸ್‌ಗಳಲ್ಲಿ ತಪ್ಪು ತೋರಿಸಬಹುದು, ಆಸಿಲೋಸ್ಕೋಪ್ ಒಳ್ಳೆಯದು. ಹಳೆಯ ಕಾಲದ ಹಲವು ಪ್ಯಾಸಿವ್ ಈಕ್ವಲೈಜರ್‌ಗಳನ್ನು 600 ಓಮ್ ಲೋಡಿಗೆಂದೇ ರೂಪಿಸಿದ್ದರು. 10,000 ಓಮ್ ಇರುವ ಇಂದಿನ ಇನ್‌ಪುಟ್‌ಗೆ ಜೋಡಿಸಿದರೆ ಅವುಗಳ ಗೆರೆ ಕೆಡುತ್ತದೆ.

“ಸ್ಪೀಕರ್ ಹೆಚ್ಚಿಸಿದಷ್ಟೂ ಸೌಂಡ್ ಹೆಚ್ಚು” ಎಂಬುದನ್ನೂ ಹಾಗೇ ನಂಬಬೇಡಿ. 8 ಓಮಿನ ನಾಲ್ಕು ಸ್ಪೀಕರ್‌ಗಳನ್ನು ಪ್ಯಾರಲಲ್ ಆಗಿ ಜೋಡಿಸಿದರೆ ಒಟ್ಟು ತಡೆ 2 ಓಮಿಗೆ ಇಳಿಯುತ್ತದೆ. ಕನಿಷ್ಠ 4 ಓಮ್ ಎಂದು ಬರೆದಿರುವ ಆಂಪ್ಲಿಫೈಯರ್ ಬಿಸಿಯಾಗಿ, ಆಟದ ನಡುವೆಯೇ ಕೈಕೊಡಬಹುದು. ಈಕ್ವಲೈಜರ್ ಎಷ್ಟು ತಿರುಗಿಸಿದರೂ ಅದು ಸರಿಹೋಗದು.

ಬ್ಲೂಟೂತ್ ಇಯರ್‌ಫೋನಿನೊಳಗೆ ಅದರದೇ ಆಂಪ್ಲಿಫೈಯರ್ ಇರುವುದರಿಂದ ಫೋನಿನ ಒಳತಡೆ ಲೆಕ್ಕಕ್ಕಿಲ್ಲ. ಆದರೂ ಒಂದೊಂದು ಕಂಪನಿಯ ದನಿ ಒಂದೊಂದು ಥರ. ಹಾಗಾಗಿ ಬೇರೆಯವರ ಸ್ಕ್ರೀನ್‌ಶಾಟ್ ನೋಡಿ ಗುಂಡಿ ತಿರುಗಿಸುವ ಬದಲು ನಿಮ್ಮ ಕಿವಿಗೆ ಹಿತವಾದಷ್ಟು ಇಟ್ಟುಕೊಳ್ಳಿ. ಮುಂದಿನ ಸಲ ಆ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಕೇಳಿ: “ಯಾವ ಇಯರ್‌ಫೋನಿಗೆ?”