ಆಸ್ಪತ್ರೆಗೆ ಕರೆದೊಯ್ಯೋಣ, ಮನೆಗೂ ತಲುಪಿಸೋಣ

ಶಿವಮೊಗ್ಗ ಮತ್ತು ಭದ್ರಾವತಿಯ ಬಂಧುಗಳೇ,

ಸೇನೆಯಿಂದ ನಿವೃತ್ತರಾಗಿ ಬಂದು ನಮ್ಮ ಅಕ್ಕಪಕ್ಕದಲ್ಲೇ ಬಾಳುತ್ತಿರುವ ಹಿರಿಯರ ಪರವಾಗಿ ಈ ಮನವಿ. ಅವರಿಗೆ ಚಿಕಿತ್ಸೆಯ ಏರ್ಪಾಡು ಇದೆ. ಚಿಕಿತ್ಸೆ ಸಿಗುವ ಜಾಗಕ್ಕೆ ಹೋಗಿಬರುವ ಏರ್ಪಾಡು ಇಲ್ಲ. ಆ ಕೊರತೆ ತುಂಬಲು ದೆಹಲಿಯ ಆದೇಶಕ್ಕೆ ಕಾಯಬೇಕಾಗಿಲ್ಲ. ಎರಡೂ ಊರಿನವರು ಮನಸ್ಸು ಮಾಡಿದರೆ ಸಾಕು.

ಕೇಂದ್ರ ಸರ್ಕಾರ 2003ರ ಏಪ್ರಿಲ್ 1ರಂದು ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆಯನ್ನು ಜಾರಿಗೆ ತಂದಿತು. ಎಲ್ಲರ ಬಾಯಲ್ಲೂ ಅದು ಇಸಿಎಚ್‌ಎಸ್. ಒಂದೇ ಸಲ ವಂತಿಗೆ ಕಟ್ಟಿ ಸದಸ್ಯರಾದವರಿಗೂ ಅವರ ಅವಲಂಬಿತರಿಗೂ ಪಾಲಿಕ್ಲಿನಿಕ್‌ನಲ್ಲಿ ತಪಾಸಣೆ, ಮಾತ್ರೆ ಸಿಗುತ್ತವೆ. ಅಲ್ಲಿಂದ ರೆಫರಲ್ ಬರೆಸಿಕೊಂಡರೆ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಡದೆ ಚಿಕಿತ್ಸೆ ಪಡೆಯಬಹುದು. ಯೋಜನೆ ಬರುವ ಮೊದಲು ನಿವೃತ್ತ ಸಿಪಾಯಿಗೆ ದಿಕ್ಕು ಎಂದರೆ ಸೇನಾ ಆಸ್ಪತ್ರೆಗಳಷ್ಟೇ. ಮಲೆನಾಡಿನ ಮೂಲೆಯಲ್ಲಿದ್ದವರಿಗೆ ಅವು ಕೈಗೆಟುಕದ ದೂರದಲ್ಲಿದ್ದವು. ಈಗ ಪಾಲಿಕ್ಲಿನಿಕ್ ಶಿವಮೊಗ್ಗದಲ್ಲೇ ಇದೆ. ಇದು ದೊಡ್ಡ ಉಪಕಾರ.

ಆದರೆ ಭದ್ರಾವತಿಯ ನ್ಯೂಟೌನ್‌ನಲ್ಲೋ ಪೇಪರ್ ಟೌನ್‌ನಲ್ಲೋ ಇರುವ ಎಂಬತ್ತು ವರ್ಷದ ಹವಾಲ್ದಾರರನ್ನು ನೆನೆಯಿರಿ. ಹೊಳೆಹೊನ್ನೂರು, ಅಂತರಗಂಗೆಯ ಕಡೆಯಿಂದ ಬರುವವರನ್ನೂ ನೆನೆಯಿರಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್. ಬಸ್ಸಿಗೆ ಬರವಿಲ್ಲ, ಒಂದು ಹೋದರೆ ಹಿಂದೆಯೇ ಇನ್ನೊಂದು. ವಯಸ್ಸಾದವರಿಗೆ ಅದೊಂದು ದೂರವೇ ಅಲ್ಲ ಎಂದು ನಮಗೆ ಅನ್ನಿಸುವುದು ನಾವು ಗಟ್ಟಿಮುಟ್ಟಾಗಿರುವುದರಿಂದ. ಮಂಡಿ ಸವೆದವರಿಗೆ ಬಸ್ಸಿನ ಮೊದಲ ಮೆಟ್ಟಿಲೇ ಬೆಟ್ಟ. ಬೆಳಿಗ್ಗೆ ಕಾಲೇಜು ಹುಡುಗರು, ಆಫೀಸಿನವರು ಬಾಗಿಲಿಗೆ ಜೋತುಬಿದ್ದಿರುವ ಹೊತ್ತಿಗೇ ಇವರೂ ಹೊರಡಬೇಕು, ಇಲ್ಲದಿದ್ದರೆ ಕ್ಲಿನಿಕ್‌ನಲ್ಲಿ ಸರತಿ ತಪ್ಪುತ್ತದೆ. ಶಿವಮೊಗ್ಗದಲ್ಲಿ ಇಳಿದ ಮೇಲೆ ಇನ್ನೊಂದು ಆಟೊ. ರೆಫರಲ್ ಸಿಕ್ಕರೆ ಅಲ್ಲಿಂದ ಆಸ್ಪತ್ರೆಗೆ ಮತ್ತೊಂದು ಆಟೊ. ಚಿಕಿತ್ಸೆಗೆ ಒಂದು ರೂಪಾಯಿ ಖರ್ಚಿಲ್ಲದ ದಿನವೂ ಓಡಾಟಕ್ಕೆ ನೂರಾರು ರೂಪಾಯಿ ಖರ್ಚು. ಹಣಕ್ಕಿಂತ ಹೆಚ್ಚಾಗಿ, ಜೊತೆಗೆ ಬರಲು ಜನವಿಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಗಂಡನ ಮನೆಯಲ್ಲಿ. ಹೆಂಡತಿಗೂ ಅಷ್ಟೇ ವಯಸ್ಸು.

ನನಗೆ ಪರಿಚಯದ ಹಿರಿಯರೊಬ್ಬರು ಕಣ್ಣಿನ ಪೊರೆ ತೆಗೆಸಿಕೊಂಡ ದಿನ ನಾನು ನೋಡಿದ್ದನ್ನು ಹೇಳುತ್ತೇನೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಸಂಜೆ ಹೊರಗೆ ಬಂದಾಗ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮೊದಲಿನಿಂದಲೂ ಮಸುಕು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರಲ್ಲಿ ಕಾರ್ಡು, ಹಳೆಯ ಚೀಟಿಗಳು, ಡಿಸ್ಚಾರ್ಜ್ ಬುಕ್ಕು, ಕಣ್ಣಿಗೆ ಹಾಕುವ ಹನಿ ಔಷಧಿ. ಬಸ್ಸಿನ ಬೋರ್ಡು ಓದಲಾಗದೆ ನಿಂತವರಿಗೆಲ್ಲ "ಭದ್ರಾವತಿನಾ? ಭದ್ರಾವತಿನಾ?" ಎಂದು ಕೇಳುತ್ತಿದ್ದರು. ಬಸ್ಸು ನಿಂತಾಗ ನುಗ್ಗಿದವರ ನಡುವೆ ಅವರು ಚೀಲದಿಂದ ಕಣ್ಣನ್ನು ಮುಚ್ಚಿಕೊಂಡು ಹಿಂದೆ ಸರಿದರು, ಯಾರದಾದರೂ ಮೊಣಕೈ ತಗುಲೀತು ಎಂದು. ಎರಡು ಬಸ್ಸುಗಳನ್ನು ಹಾಗೆಯೇ ಬಿಟ್ಟರು. ಗಡಿಯಲ್ಲಿ ಹಿಮದೊಳಗೆ ರಾತ್ರಿ ಕಾವಲು ನಿಂತ ಮನುಷ್ಯ, ನಮ್ಮದೇ ಊರಿನ ಬಸ್ ನಿಲ್ದಾಣದಲ್ಲಿ ಒಬ್ಬರೇ ನಿಂತಿದ್ದರು.

ನಮ್ಮ ವ್ಯವಸ್ಥೆಯ ದೊಡ್ಡ ಬಿರುಕು ಇರುವುದು ಇಲ್ಲಿಯೇ. ಆಸ್ಪತ್ರೆಗೆ ಹೋಗುವುದನ್ನು ಎಲ್ಲರೂ ಯೋಚಿಸುತ್ತಾರೆ, ವಾಪಸ್ ಬರುವುದನ್ನು ಯಾರೂ ಯೋಚಿಸುವುದಿಲ್ಲ. 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ ಅದು ತುರ್ತಿಗೆ ಮಾತ್ರ; ಆಸ್ಪತ್ರೆಗೆ ಸೇರಿಸಿದ ಮೇಲೆ ಅದರ ಕೆಲಸ ಮುಗಿಯಿತು. ಹೆರಿಗೆಯಾದ ತಾಯಿ ಮತ್ತು ಕೂಸನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಗೆ ಬಿಡಲು ಇದೇ ಕರ್ನಾಟಕ 'ನಗು-ಮಗು' ವಾಹನಗಳನ್ನು ಓಡಿಸಿತು. ಮನೆಗೆ ಮುಟ್ಟಿಸುವುದೂ ಚಿಕಿತ್ಸೆಯ ಭಾಗ ಎಂದು ನಾವು ಒಮ್ಮೆ ಒಪ್ಪಿಕೊಂಡವರೇ. ಅದೇ ಮಾತು ಹಿರಿಯ ಸೈನಿಕರಿಗೂ ಸಲ್ಲಬೇಕು.

ಈಗಿರುವ ರಿಯಾಯಿತಿಗಳನ್ನೂ ನೋಡೋಣ. 60 ದಾಟಿದವರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಟಿಕೆಟ್ ದರದ ಶೇಕಡ 25ರಷ್ಟು ರಿಯಾಯಿತಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸಾಮಾನ್ಯ ಸಾರಿಗೆಯಲ್ಲಿ ಪ್ರಯಾಣ ಉಚಿತ. ಸೈನಿಕರ ಪತ್ನಿಯರಿಗೆ, ವಿಧವೆಯರಿಗೆ ಇದರಿಂದ ನಿಜಕ್ಕೂ ಅನುಕೂಲವಾಗಿದೆ. ಆದರೆ ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಹಳ್ಳಿಗಳ ಕಡೆ, ಓಡಾಟ ಬಹುಪಾಲು ಖಾಸಗಿ ಬಸ್ಸುಗಳ ಮೇಲೆ ನಿಂತಿದೆ. ಅಲ್ಲಿ ಇವೆರಡೂ ನಡೆಯುವುದಿಲ್ಲ. ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಶುರುವಾಗಿಲ್ಲ.

ಬೆಂಗಳೂರಿಗೆ ರೆಫರ್ ಆದವರ ಪಾಡು ಇನ್ನೂ ಕಷ್ಟ. ಕಮಾಂಡ್ ಆಸ್ಪತ್ರೆಯೋ, ಹೃದಯ ಅಥವಾ ಕ್ಯಾನ್ಸರ್ ಆಸ್ಪತ್ರೆಯೋ, ಸುಮಾರು 300 ಕಿಲೋಮೀಟರ್ ದಾರಿ. ಬೆಳಗಿನ ಜಾವದ ಜನಶತಾಬ್ದಿ ಭದ್ರಾವತಿಯಲ್ಲೂ ನಿಲ್ಲುತ್ತದೆ, ಅದು ಪುಣ್ಯ. ಆದರೆ ಕತ್ತಲಲ್ಲಿ ಮನೆಯಿಂದ ಸ್ಟೇಷನ್ನಿಗೆ ಕರೆದುಕೊಂಡು ಹೋಗುವವರು ಯಾರು? ಸೋಗಾನೆಯಲ್ಲಿ 2023ರಿಂದ ವಿಮಾನವೂ ಇಳಿಯುತ್ತಿದೆ. ಸಿಪಾಯಿಯ ಪಿಂಚಣಿಗೆ ಅದು ನಿಲುಕುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಮೊದಲ ಮಾತು ಕಾರು ಇರುವವರಿಗೆ. ತಿಂಗಳಲ್ಲಿ ಅರ್ಧ ದಿನ ಕೊಡಿ. ಕೇಳುತ್ತಿರುವುದು ಅಷ್ಟೇ. ಭದ್ರಾವತಿಯಲ್ಲಿ ಮೂವತ್ತು ಜನ ಹೀಗೆ ಒಪ್ಪಿದರೆ ದಿನಕ್ಕೊಂದು ಕಾರು ಶಿವಮೊಗ್ಗಕ್ಕೆ ಹೋಗಿಬರುತ್ತದೆ, ಒಬ್ಬರ ಮೇಲೂ ಹೊರೆ ಬೀಳುವುದಿಲ್ಲ. ಕಾರ್ಖಾನೆ, ಬ್ಯಾಂಕು, ಶಾಲೆಗಳಿಂದ ನಿವೃತ್ತರಾದ ಎಷ್ಟೋ ಮಂದಿ ನಮ್ಮಲ್ಲಿದ್ದಾರೆ. ಕಾರು ಶೆಡ್ಡಿನಲ್ಲಿದೆ, ಬೆಳಗಿನ ಹೊತ್ತು ಬಿಡುವೂ ಇದೆ. ಒಂದು ಎಚ್ಚರ: ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಕರೆದುಕೊಂಡು ಹೋಗುವುದು ಪುಕ್ಕಟೆಯೇ ಆಗಬೇಕು, ವಿಮೆ ಚಾಲ್ತಿಯಲ್ಲಿರಬೇಕು. ಅಮೆರಿಕದಲ್ಲಿ ಗಾಯಾಳು ಮಾಜಿ ಸೈನಿಕರ ಸಂಘವೊಂದು 1987ರಿಂದ ಸ್ವಯಂಸೇವಕ ಚಾಲಕರನ್ನು ಇಟ್ಟುಕೊಂಡು ಇದೇ ಕೆಲಸ ನಡೆಸುತ್ತಿದೆ. ಅಲ್ಲಿ ಗಾಡಿ ಓಡಿಸುವವರಲ್ಲಿ ಮಾಜಿ ಸೈನಿಕರೂ ಇದ್ದಾರೆ, ಸಾಮಾನ್ಯ ನಾಗರಿಕರೂ ಇದ್ದಾರೆ. ನಮಗೆ ಸಾಧ್ಯವಾಗದ ಸಂಗತಿ ಅದರಲ್ಲಿ ಒಂದೂ ಇಲ್ಲ.

ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಹೋಗುವವರಿಗೆ ಮಾತ್ರ ಸ್ವಯಂಸೇವಕರನ್ನು ನೆಚ್ಚಿಕೊಳ್ಳುವುದು ಸರಿಯಲ್ಲ. ಒಂದು ದಿನ ತಪ್ಪಿದರೂ ಜೀವಕ್ಕೆ ಅಪಾಯ. ಅಂಥವರಿಗೆ ಗೊತ್ತಾದ ಆಟೊ ಒಂದನ್ನು ತಿಂಗಳ ಲೆಕ್ಕದಲ್ಲಿ ಗೊತ್ತುಮಾಡಿ, ಬೀದಿಯವರೆಲ್ಲ ಸೇರಿ ಆ ಹಣ ಭರಿಸಬೇಕು. ಆಟೊ ಚಾಲಕರೇ, ನೀವು ದುಡಿದು ತಿನ್ನುವವರು, ಪುಕ್ಕಟೆ ಬನ್ನಿ ಎಂದು ಕೇಳುವುದಿಲ್ಲ. ಮೀಟರಿಗಿಂತ ಹೆಚ್ಚು ಕೇಳಬೇಡಿ, ಬಾಗಿಲವರೆಗೆ ಕೈಹಿಡಿದು ಬಿಡಿ.

ಖಾಸಗಿ ಬಸ್ ಮಾಲೀಕರಲ್ಲಿ ಒಂದು ಕೋರಿಕೆ. ಇಸಿಎಚ್‌ಎಸ್ ಕಾರ್ಡು ತೋರಿಸಿದವರಿಗೆ ಭದ್ರಾವತಿ–ಶಿವಮೊಗ್ಗ ನಡುವೆ ಟಿಕೆಟ್ ಬೇಡ ಎಂದು ನಿಮ್ಮ ಸಂಘದಲ್ಲಿ ಒಂದು ತೀರ್ಮಾನ ಮಾಡಿ. ದಿನವೊಂದಕ್ಕೆ ನಷ್ಟವಾಗುವುದು ಕೆಲವೇ ಟಿಕೆಟ್. ಅದಕ್ಕಿಂತ ಮುಖ್ಯವಾಗಿ, ಮುಂದಿನ ಬಾಗಿಲ ಹತ್ತಿರದ ಸೀಟು ಬಿಡಿಸಿಕೊಡಲು, ಅವರು ಹತ್ತಿ ಕೂತ ಮೇಲೆಯೇ ಸೀಟಿ ಊದಲು ನಿಮ್ಮ ಕಂಡಕ್ಟರ್‌ಗಳಿಗೆ ಹೇಳಿ.

ಪಾಲಿಕ್ಲಿನಿಕ್‌ನವರೂ ಮಾಜಿ ಸೈನಿಕರ ಸಂಘದವರೂ ಕೂತು ಮಾತಾಡಿ ಭದ್ರಾವತಿ ಕಡೆಯವರಿಗೆ ವಾರದಲ್ಲಿ ಒಂದು ದಿನ ಗೊತ್ತುಮಾಡಿದರೆ ಅರ್ಧ ಕೆಲಸ ಹಗುರಾಗುತ್ತದೆ. ಆಗ ಒಂದೇ ಗಾಡಿಯಲ್ಲಿ ಏಳೆಂಟು ಜನ ಒಟ್ಟಿಗೆ ಹೋಗಿಬರಬಹುದು. ಆ ಗಾಡಿ ಎಲ್ಲಿಂದ ಬರಬೇಕು? 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಮಾಜಿ ಸೈನಿಕರು, ಯುದ್ಧವಿಧವೆಯರು ಮತ್ತು ಅವರ ಅವಲಂಬಿತರ ಕಲ್ಯಾಣವೂ ಸೇರಿದೆ. ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆ ಮೀಸಲಿಡಲೇಬೇಕಾದ ಹಣದಿಂದ ಇಂಥ ವಾಹನ ಕೊಡಿಸಲು ದಾರಿ ತೆರೆದೇ ಇದೆ. ನಮ್ಮ ಸಂಸದರು, ಶಾಸಕರು ಒಂದು ಪತ್ರ ಬರೆದು ಬೆನ್ನು ಹತ್ತಿದರೆ ಆಗುವ ಕೆಲಸ ಇದು. ಅಡಿಕೆ ವಹಿವಾಟಿನ ನಮ್ಮ ಸಹಕಾರ ಸಂಘಗಳೂ ಮುಂದೆ ಬರಲಿ. ಊರಿನ ಕಷ್ಟಕ್ಕೆ ಊರಿನವರೇ ಆಗಬೇಕೆಂದು ಹುಟ್ಟಿದ ಸಂಸ್ಥೆಗಳು ಅವು.

ಹಿರಿಯ ಸೈನಿಕರಲ್ಲಿ, ಅವರ ಮನೆಯವರಲ್ಲಿಯೂ ಒಂದೆರಡು ಮಾತು. ಬೇರೆ ಊರಿನ ಆಸ್ಪತ್ರೆಗೆ ರೆಫರ್ ಮಾಡಿದಾಗ ಪ್ರಯಾಣದ ಖರ್ಚನ್ನು ನಿಯಮದಂತೆ ಹಿಂದಕ್ಕೆ ಪಡೆಯಲು ಅವಕಾಶವಿದೆ. ಟಿಕೆಟ್ ಎಸೆಯಬೇಡಿ, ರೆಫರಲ್ ಬರೆಸುವಾಗಲೇ ಕೇಳಿ ತಿಳಿದುಕೊಳ್ಳಿ. ಎದೆನೋವಿನಂಥ ತುರ್ತಿನಲ್ಲಿ ರೆಫರಲ್‌ಗಾಗಿ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಅದು ಪಟ್ಟಿಯಲ್ಲಿಲ್ಲದಿದ್ದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ. ಸಣ್ಣಪುಟ್ಟ ಸಲಹೆಗೆ ರಕ್ಷಣಾ ಸಚಿವಾಲಯ 2021ರ ಮೇ ತಿಂಗಳಲ್ಲಿ ಆರಂಭಿಸಿದ ಸೇಹತ್ ಒಪಿಡಿ ಇದೆ. ಮೊಮ್ಮಕ್ಕಳ ಮೊಬೈಲಿನಲ್ಲಿ ಡಾಕ್ಟರ ಜೊತೆ ಮಾತಾಡಬಹುದು. ಇನ್ನೊಬ್ಬರ ಹತ್ತಿರ ಸಹಾಯ ಕೇಳುವುದು ನಿಮ್ಮ ಅಭ್ಯಾಸವಲ್ಲ ಎಂದು ಬಲ್ಲೆ. ಆದರೂ ದಯವಿಟ್ಟು ಕೇಳಿ. ನೋವು ನುಂಗಿಕೊಂಡು ತಿಂಗಳ ಮಾತ್ರೆ ತಪ್ಪಿಸಬೇಡಿ.

ಜುಲೈ 26ರಂದು ಕಾರ್ಗಿಲ್ ವಿಜಯ ದಿವಸಕ್ಕೆ ನಾವು ಹೂವು ಇಡುತ್ತೇವೆ, ಡಿಸೆಂಬರ್ 7ರಂದು ಧ್ವಜ ದಿನದ ಚೀಟಿ ಕೊಳ್ಳುತ್ತೇವೆ. ಅವು ಬೇಕು, ನಡೆಯಲಿ. ಅದರ ಜೊತೆಗೆ ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮ ಬೀದಿಯಲ್ಲಿ ಸೇನೆಯಿಂದ ಬಂದವರು ಯಾರಿದ್ದಾರೆ ಎಂದು ವಿಚಾರಿಸಿ, ಅವರ ಮನೆಗೆ ಹೋಗಿ "ಮುಂದಿನ ಸಲ ಆಸ್ಪತ್ರೆಗೆ ಯಾವತ್ತು ಹೋಗಬೇಕು?" ಎಂದು ಕೇಳಿ. ನಿಮ್ಮ ಹೆಸರು, ಫೋನ್ ನಂಬರು, ಬಿಡುವಿನ ದಿನ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ನಿಮ್ಮೂರಿನ ಮಾಜಿ ಸೈನಿಕರ ಸಂಘಕ್ಕೆ ಕೊಟ್ಟು ಬನ್ನಿ.