ಉಸಿರಿಗಿಂತ ಮೊದಲು ಪಾಳಿಯ ಪಟ್ಟಿಯನ್ನು ಗಮನಿಸಿ

ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಶಿವಮೊಗ್ಗ ಕಡೆಯ ಹುಡುಗಿಯೊಬ್ಬಳು ಕಳೆದ ಚಳಿಗಾಲದಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಹನ್ನೆರಡೂವರೆ ಗಂಟೆಗಳ ರಾತ್ರಿ ಪಾಳಿ ಮುಗಿಸಿ, ಅರೆನಿದ್ದೆಯಲ್ಲೇ ಎದ್ದು ಬಂದವಳು. ಅವಳ ವಾರ್ಡಿನ ವಿಶ್ರಾಂತಿ ಕೋಣೆಯ ಗೋಡೆಯ ಮೇಲೆ ಎರಡು ಕಾಗದಗಳು ಅಕ್ಕಪಕ್ಕದಲ್ಲಿವೆಯಂತೆ. ಒಂದು, ಮುಂದಿನ ನಾಲ್ಕು ವಾರಗಳ ಪಾಳಿಯ ಪಟ್ಟಿ; ಹೆಸರು ತುಂಬದ ಖಾಲಿ ಚೌಕಗಳೇ ಅದರಲ್ಲಿ ಎದ್ದು ಕಾಣುತ್ತವೆ. ಇನ್ನೊಂದು, ಊಟದ ಬಿಡುವಿನಲ್ಲಿ ನಡೆಯುವ ಮೈಂಡ್‌ಫುಲ್‌ನೆಸ್ ತರಗತಿಯ ಆಹ್ವಾನ. ‘ಉಸಿರಾಡೋದನ್ನ ಯಾರೂ ಹೇಳಿಕೊಡಬೇಕಾಗಿಲ್ಲ ಅಕ್ಕ, ಊಟಕ್ಕೆ ಬಿಟ್ಟರೆ ಸಾಕು’ ಎಂದು ನಕ್ಕಳು. ಇದನ್ನು ಮೇಲಿನವರಿಗೆ ಹೇಳಿದೆಯಾ ಎಂದು ಕೇಳಿದೆ. ನಗು ನಿಂತಿತು. ‘ವೀಸಾ ಅವರ ಕೈಲಿದೆಯಲ್ಲ’ ಎಂದಳು.

ಆರೋಗ್ಯ ಸಿಬ್ಬಂದಿಯ ಮಾನಸಿಕ ಸ್ವಾಸ್ಥ್ಯದ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಯ ಕೇಂದ್ರದಲ್ಲಿರಬೇಕಾದದ್ದು ಈ ಕೊನೆಯ ವಾಕ್ಯ. ಆದರೆ ಅದರ ಜಾಗದಲ್ಲಿ ಕುಳಿತಿರುವುದು ಉಸಿರಾಟದ ಅಭ್ಯಾಸ.

ಮೈಂಡ್‌ಫುಲ್‌ನೆಸ್ ಅನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. 1979ರಲ್ಲಿ ಜಾನ್ ಕಬಾಟ್-ಜಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಕಾರ್ಯಕ್ರಮವೊಂದನ್ನು ರೂಪಿಸಿದಾಗ, ಅದು ದೀರ್ಘಕಾಲದ ನೋವಿನಿಂದ ನರಳುತ್ತಿದ್ದ ರೋಗಿಗಳಿಗಾಗಿತ್ತು. ವಾಸಿಯಾಗದ ನೋವಿನೊಂದಿಗೆ ಬದುಕಲು ಅದು ಅನೇಕರಿಗೆ ನೆರವಾಗಿದೆ. ಸಮಸ್ಯೆ ಹುಟ್ಟುವುದು ಅದೇ ವಿಧಾನವನ್ನು, ವಾಸಿ ಮಾಡಬಹುದಾದ ನೋವಿಗೂ ಅನ್ವಯಿಸಿದಾಗ. ಕಡಿಮೆ ಸಿಬ್ಬಂದಿ, ತಪ್ಪಿದ ಊಟ, ರದ್ದಾದ ರಜೆ ಇವು ಬದುಕಿನ ಅನಿವಾರ್ಯ ದುಃಖಗಳಲ್ಲ. ಯಾರೋ ತೆಗೆದುಕೊಂಡ ತೀರ್ಮಾನಗಳ ಫಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ವಿವರಿಸುವಾಗ ಅದನ್ನು ಕಾಯಿಲೆಯೆಂದು ಕರೆಯಲಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಸ್ಥಳದ ಒತ್ತಡದಿಂದ ಹುಟ್ಟುವ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದಿತು. ವೈದ್ಯರ ಬರ್ನ್‌ಔಟ್ ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ಮಾರಿಯಾ ಪನಾಜಿಯೋಟಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ವ್ಯಕ್ತಿಯನ್ನು ತಿದ್ದುವ ಕ್ರಮಗಳಿಗಿಂತ ಸಂಸ್ಥೆಯನ್ನು ತಿದ್ದುವ ಕ್ರಮಗಳೇ ಹೆಚ್ಚು ಫಲ ನೀಡಿದ್ದು ಕಂಡುಬಂತು. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಸಮೀಕ್ಷೆಯನ್ನು ಪರಿಶೀಲಿಸಿ 2024ರಲ್ಲಿ ಬರೆದ ಲೇಖನ ಇನ್ನಷ್ಟು ನೇರವಾಗಿದೆ: ಮೈಂಡ್‌ಫುಲ್‌ನೆಸ್, ಒತ್ತಡ ನಿರ್ವಹಣೆ ಮೊದಲಾದ ವೈಯಕ್ತಿಕ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ಹೆಚ್ಚು ನೆಮ್ಮದಿಯಿಂದಿರಲಿಲ್ಲ.

ಹಾಗಾದರೆ ತಂಡವೊಂದನ್ನು ಮಾನಸಿಕವಾಗಿ ಆರೋಗ್ಯವಾಗಿಡುವುದು ಯಾವುದು? ಎಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧಿ ನೀಡಿಕೆಯ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಉತ್ತಮ ನಾಯಕತ್ವವಿರುವ ವಾರ್ಡುಗಳಲ್ಲಿ ತಪ್ಪುಗಳು ಕಡಿಮೆಯಿರುತ್ತವೆ ಎಂಬುದು ಅವರ ನಿರೀಕ್ಷೆ. ಅಂಕಿಗಳು ತದ್ವಿರುದ್ಧವಾಗಿದ್ದವು. ಒಳ್ಳೆಯ ತಂಡಗಳಲ್ಲಿ ವರದಿಯಾದ ತಪ್ಪುಗಳೇ ಹೆಚ್ಚು. ಕಾರಣ ನಿಧಾನವಾಗಿ ತಿಳಿಯಿತು: ಅಲ್ಲಿ ತಪ್ಪುಗಳು ಹೆಚ್ಚು ನಡೆಯುತ್ತಿರಲಿಲ್ಲ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತ್ತು. ಉಳಿದೆಡೆ ತಪ್ಪುಗಳು ಮೌನದಲ್ಲಿ ಹೂತುಹೋಗುತ್ತಿದ್ದವು. ‘ಮಾನಸಿಕ ಸುರಕ್ಷತೆ’ ಎಂದು ಇಂದು ನಾವು ಕರೆಯುವ ಪರಿಕಲ್ಪನೆ ಗಟ್ಟಿಗೊಂಡದ್ದು ಇಲ್ಲಿಂದ. ಅದರ ಅಳತೆಗೋಲು ಮನಶ್ಶಾಂತಿಯಲ್ಲ, ಮಾತು.

ಮಾತಿನ ಬೆಲೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಬ್ರಿಟನ್ನಿನ ವೈದ್ಯಲೋಕ ಡಾ. ಹದೀಜಾ ಬಾವಾ-ಗಾರ್ಬಾ ಪ್ರಕರಣದಲ್ಲಿ ಕಂಡಿತು. 2011ರ ಫೆಬ್ರವರಿಯಲ್ಲಿ ಲೆಸ್ಟರ್‌ನ ಆಸ್ಪತ್ರೆಯಲ್ಲಿ ಆರು ವರ್ಷದ ಬಾಲಕನೊಬ್ಬ ಸೆಪ್ಸಿಸ್‌ನಿಂದ ತೀರಿಕೊಂಡ. ಅಂದು ಕಿರಿಯ ವೈದ್ಯೆಯಾಗಿದ್ದ ಬಾವಾ-ಗಾರ್ಬಾ ಹೆರಿಗೆ ರಜೆಯಿಂದ ಮರಳಿ ಹೆಚ್ಚು ದಿನಗಳಾಗಿರಲಿಲ್ಲ. ಸಿಬ್ಬಂದಿಯ ಕೊರತೆಯಿತ್ತು, ಹಿರಿಯ ವೈದ್ಯರು ಊರಲ್ಲಿರಲಿಲ್ಲ, ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟು ರಕ್ತಪರೀಕ್ಷೆಯ ಫಲಿತಾಂಶಗಳು ತಡವಾದವು. ಆಕೆಯಿಂದಲೂ ಗಂಭೀರ ತಪ್ಪುಗಳಾದವು. ಮಗುವನ್ನು ಕಳೆದುಕೊಂಡ ತಂದೆತಾಯಿಯ ದುಃಖಕ್ಕೆ ಯಾವ ಸಮಜಾಯಿಷಿಯೂ ಸಾಲದು. 2015ರಲ್ಲಿ ನ್ಯಾಯಾಲಯ ಆಕೆಯನ್ನು ಅಪರಾಧಿಯೆಂದಿತು. 2018ರ ಜನವರಿಯಲ್ಲಿ ವೈದ್ಯರ ನೋಂದಣಿಯಿಂದ ಹೆಸರು ತೆಗೆಯಲಾಯಿತು. ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು.

ಈ ನಡುವೆ ದೇಶದಾದ್ಯಂತ ಕಿರಿಯ ವೈದ್ಯರಲ್ಲಿ ಒಂದು ಭೀತಿ ಹಬ್ಬಿತು. ತಮ್ಮ ತಪ್ಪುಗಳ ಬಗ್ಗೆ ಪ್ರಾಮಾಣಿಕವಾಗಿ ಬರೆದುಕೊಳ್ಳಬೇಕೆಂಬುದು ಅವರ ತರಬೇತಿಯ ಭಾಗ. ಅಂಥ ಆತ್ಮಾವಲೋಕನದ ಬರಹವೇ ನಾಳೆ ತಮ್ಮ ವಿರುದ್ಧ ಸಾಕ್ಷಿಯಾದೀತೇ? ಬಾವಾ-ಗಾರ್ಬಾ ಅವರ ಅಂಥ ಬರಹ ತೀರ್ಪುಗಾರರ ಮುಂದೆ ಹೋಗಿರಲಿಲ್ಲವೆಂದು ನಂತರ ಸ್ಪಷ್ಟವಾದರೂ ಭೀತಿ ಕರಗಲಿಲ್ಲ. ಒಳಗಣ್ಣಿನಿಂದ ನೋಡಿಕೋ ಎಂದು ಹೇಳುವ ವ್ಯವಸ್ಥೆ, ಕಂಡದ್ದನ್ನು ಹೇಳಿದವರನ್ನು ಕಾಯುವುದೆಂಬ ಭರವಸೆ ಕೊಡದಿದ್ದರೆ ಆತ್ಮಾವಲೋಕನ ಬಲೆಯಾಗಿ ಕಾಣುತ್ತದೆ.

ಆಕೆ ನೈಜೀರಿಯಾ ಮೂಲದವರು ಎಂಬುದನ್ನೂ ವಲಸೆ ವೈದ್ಯರು ಮರೆಯಲಿಲ್ಲ. ವೈದ್ಯಕೀಯ ಮಂಡಳಿಗಾಗಿ ರೋಜರ್ ಕ್ಲೈನ್ ಮತ್ತು ಡೊಯಿನ್ ಅಟೆವೊಲೊಗುನ್ 2019ರಲ್ಲಿ ಸಿದ್ಧಪಡಿಸಿದ ವರದಿಯ ಹಿನ್ನೆಲೆ ಇದು: ಉದ್ಯೋಗದಾತರು ಮಂಡಳಿಗೆ ದೂರು ನೀಡುವ ಪ್ರಮಾಣ ಅಲ್ಪಸಂಖ್ಯಾತ ಜನಾಂಗಗಳ ವೈದ್ಯರ ವಿಷಯದಲ್ಲಿ ಬಿಳಿಯರಿಗಿಂತ ಎರಡು ಪಟ್ಟು, ಹೊರದೇಶದಲ್ಲಿ ಓದಿದವರ ವಿಷಯದಲ್ಲಿ ಇಲ್ಲಿ ಓದಿದವರಿಗಿಂತ ಎರಡೂವರೆ ಪಟ್ಟು. ಪ್ರಾಯೋಜಿತ ವೀಸಾದ ಮೇಲಿರುವ ನರ್ಸ್‌ಗಾದರೆ, ಕೆಲಸ ಹೋದರೆ ಹೊಸ ಪ್ರಾಯೋಜಕರನ್ನು ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ಊರಿನ ಸಾಲ, ಮಗುವಿನ ಶಾಲೆ, ಬಾಡಿಗೆಯ ಕರಾರು ಎಲ್ಲವೂ ಆ 60 ದಿನಗಳಿಗೆ ಕಟ್ಟಿಹಾಕಲ್ಪಟ್ಟಿರುತ್ತವೆ. ‘ನಮ್ಮಲ್ಲಿ ಯಾರು ಬೇಕಾದರೂ ಮುಕ್ತವಾಗಿ ಮಾತಾಡಬಹುದು’ ಎನ್ನುವ ಮ್ಯಾನೇಜರ್ ಈ ಲೆಕ್ಕವನ್ನು ಎಂದಾದರೂ ಮಾಡಿದ್ದಾರೆಯೇ?

ಮೈಂಡ್‌ಫುಲ್‌ನೆಸ್ ಎಂದು ಇಂಗ್ಲಿಷಿಗೆ ಹೋದ ಪಾಳಿಯ ‘ಸತಿ’, ಸಂಸ್ಕೃತದ ‘ಸ್ಮೃತಿ’, ಬೌದ್ಧರ ಅಷ್ಟಾಂಗ ಮಾರ್ಗದಲ್ಲಿ ಒಂಟಿಯಾಗಿಲ್ಲ. ಸಮ್ಯಕ್ ಸ್ಮೃತಿಯ ಜೊತೆಗೇ ಸಮ್ಯಕ್ ವಾಕ್ಕು ಇದೆ, ಸಮ್ಯಕ್ ಆಜೀವವಿದೆ. ಮಾತನ್ನೂ ದುಡಿಮೆಯ ನ್ಯಾಯವನ್ನೂ ಕತ್ತರಿಸಿ, ಗಮನವನ್ನಷ್ಟೇ ಪೊಟ್ಟಣ ಕಟ್ಟಿ ಮಾರಿದ್ದು ನಮ್ಮ ಕಾಲದ ಮಾರುಕಟ್ಟೆ. ಅಂಬೇಡ್ಕರ್ ತಮ್ಮ ‘ಬುದ್ಧ ಮತ್ತು ಅವನ ಧಮ್ಮ’ ಕೃತಿಯಲ್ಲಿ ಧಮ್ಮವನ್ನು ಮನುಷ್ಯ ಮನುಷ್ಯರ ನಡುವಿನ ಸಂಬಂಧದ ಪ್ರಶ್ನೆಯಾಗಿ ಓದಿದ್ದನ್ನು ನೆನೆದರೆ, ಈ ಕತ್ತರಿಕೆಯಲ್ಲಿ ನಾವು ಕಳೆದುಕೊಂಡದ್ದೇನೆಂದು ತಿಳಿಯುತ್ತದೆ.

ಆದ್ದರಿಂದ ನನ್ನ ವಾದ ಸರಳ: ಎಚ್ಚರವಿರಬೇಕಾದದ್ದು ಮೊದಲು ಅಧಿಕಾರವಿರುವವರಿಗೆ. ನಾಯಕನ ಗಮನ ಎಂದರೆ ಪಾಳಿಯ ಪಟ್ಟಿಯನ್ನು ರೋಗಿಯ ಸುರಕ್ಷತೆಯ ದಾಖಲೆಯೆಂದು ಓದುವುದು. ಸಭೆಯಲ್ಲಿ ಯಾರು ಮಾತಾಡಲಿಲ್ಲ ಎಂಬುದನ್ನು ಗುರುತಿಸುವುದು. ತಪ್ಪೊಂದನ್ನು ಯಾರಾದರೂ ಹೇಳಿಕೊಂಡಾಗ ಮೊದಲ ಪ್ರಶ್ನೆ ‘ಯಾರು?’ ಎಂದಾಗದೆ ‘ಹೇಗಾಯಿತು?’ ಎಂದಾಗುವಂತೆ ನೋಡಿಕೊಳ್ಳುವುದು.

ಇದಕ್ಕೆ ಮಾದರಿಗಳಿಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ತಪಶೀಲು ಪಟ್ಟಿಯ ಪ್ರಕಾರ, ಚರ್ಮಕ್ಕೆ ಕತ್ತಿ ತಾಗುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಪಾತ್ರವನ್ನು ಹೇಳಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಟ್ಟಿ ಬಂದ ಮೇಲೆ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಅದೇ ಪದ್ಧತಿ ಜಾರಿಯಾದಾಗ ಗಣನೀಯ ಬದಲಾವಣೆ ಕಾಣಲಿಲ್ಲವೆಂದು 2014ರ ಅಧ್ಯಯನ ಹೇಳಿತು. ನಾನು ಇದನ್ನು ಓದಿಕೊಳ್ಳುವುದು ಹೀಗೆ: ಮೇಲಿನಿಂದ ಬಂದ ಕಾಗದಕ್ಕೆ ಟಿಕ್ ಹಾಕುವುದು ಸುಲಭ, ಹೊಸ ನರ್ಸೊಬ್ಬಳು ‘ಸರ್, ಒಂದು ನಿಮಿಷ ನಿಲ್ಲಿ’ ಎಂದಾಗ ಸರ್ಜನ್ ನಿಜಕ್ಕೂ ನಿಲ್ಲುವಂತಾಗುವುದು ಕಷ್ಟ.

ವಾರ್ಡಿನ ಮ್ಯಾನೇಜರ್ ಕೂಡ ಇದೇ ಯಂತ್ರದಲ್ಲಿ ಸಿಕ್ಕಿಕೊಂಡವರೇ ಎಂಬ ಆಕ್ಷೇಪ ನ್ಯಾಯವಾದದ್ದು. ಖಾಲಿ ಚೌಕಗಳನ್ನು ತುಂಬುವ ಹಣ ಅವರ ಬಳಿ ಇರುವುದಿಲ್ಲ. ಹಾಗೆಂದೇ ಎಚ್ಚರದ ಈ ಹೊಣೆ ಆಸ್ಪತ್ರೆಯ ಆಡಳಿತ ಮಂಡಳಿಗೆ, ಅಲ್ಲಿಂದ ಸರ್ಕಾರದ ಖಜಾನೆಗೆ ಏರಬೇಕು. ಹೊಣೆ ಕೆಳಕ್ಕೆ ಜಾರಿ ರಾತ್ರಿ ಪಾಳಿಯ ನರ್ಸಿನ ಶ್ವಾಸಕೋಶದಲ್ಲಿ ಬಂದು ನಿಲ್ಲುವುದೇ ಇಂದಿನ ಅನ್ಯಾಯ.

ನಮ್ಮ ಪಾಲೂ ಇದರಲ್ಲಿದೆ. ಈ ದೇಶದ ಆಸ್ಪತ್ರೆಗಳಲ್ಲಿ ಹಿರಿಯ ಸ್ಥಾನಗಳನ್ನು ತಲುಪಿದ ಕನ್ನಡಿಗರಿದ್ದಾರೆ. ನಮ್ಮ ಕೂಟಗಳಲ್ಲಿ ಅವರ ಬಾಯಿಂದ ಕೇಳುವ ಮಾತು: ‘ನಾವೂ ಹೀಗೇ ದುಡಿದು ಮೇಲೆ ಬಂದವರು’. ಅದು ನಿಜ. ಆದರೆ ತಾವು ಉಂಡ ನೋವನ್ನು ಮುಂದಿನವರಿಗೆ ದಾಟಿಸುವುದನ್ನು ಅನುಭವವೆಂದು ಕರೆಯಲಾಗದು. ಮೊದಲ ಪೀಳಿಗೆ ಮೌನದಿಂದ ಗಳಿಸಿದ ಭದ್ರತೆಯನ್ನು ಈಗ ಮಾತಿಗೆ ಬಳಸಬಹುದು. ಖಾಯಂ ವಾಸದ ಹಕ್ಕಿರುವವರು, ವೀಸಾ ಅವಧಿ ಎಣಿಸುತ್ತಿರುವವರ ಪರವಾಗಿ ಸಭೆಯಲ್ಲಿ ಮೊದಲು ಬಾಯಿ ತೆರೆಯಬಹುದು. ಅವರನ್ನು ನೌಕರರ ಸಂಘಕ್ಕೆ ಕರೆದೊಯ್ಯಬಹುದು. ವೀಸಾ ಉದ್ಯೋಗದಾತರ ಮುಷ್ಟಿಯಲ್ಲಿರಬಾರದೆಂಬ ಬೇಡಿಕೆಗೆ ದನಿ ಸೇರಿಸಬಹುದು.

ಅಂದು ಊಟ ಮುಗಿಸಿದ ಹುಡುಗಿ ಸೋಫಾದ ಮೇಲೆ ಕೂತಲ್ಲೇ ನಿದ್ದೆಹೋದಳು. ಉಸಿರಾಟ ನಿರಾಳವಾಗಿತ್ತು, ಅದನ್ನು ಯಾರೂ ಕಲಿಸಿರಲಿಲ್ಲ. ಸಂಜೆ ಆರಕ್ಕೆ ಎಬ್ಬಿಸಿ ಎಂದು ಹೇಳಿದ್ದಳು. ಖಾಲಿಯಿದ್ದ ಚೌಕವೊಂದಕ್ಕೆ ಅವಳ ಹೆಸರನ್ನೇ ಬರೆದಿದ್ದರು.