ಪತ್ತೇದಾರ ಕೇಳದ ಪ್ರಶ್ನೆ

ಪತ್ತೇದಾರಿ ಕಾದಂಬರಿಯೆಂದರೆ ಕೊಲೆ, ಕಳವು, ಅಪರಾಧಿಯ ಶೋಧ ಎಂದೇ ನಾವು ಭಾವಿಸುತ್ತೇವೆ. ಷರ್ಲಾಕ್ ಹೋಮ್ಸ್ ಎರಡು ವರ್ಷ ಟಿಬೆಟ್ಟಿನಲ್ಲಿ ಸಂಚರಿಸಿದನೆಂದು ಕಾನನ್ ಡಾಯ್ಲ್ 1903ರ ಕಥೆಯೊಂದರಲ್ಲಿ ಹೇಳಿ ಸುಮ್ಮನಾದರು. ಆ ಎರಡು ವರ್ಷಗಳ ರಹಸ್ಯವನ್ನು ಟಿಬೆಟನ್ ಲೇಖಕ ಜಮ್ಯಾಂಗ್ ನೋರ್ಬು 1999ರಲ್ಲಿ ಕಾದಂಬರಿಯಾಗಿಸಿದರು. ಚರಿತ್ರೆ ಬಿಟ್ಟ ತೆರವಿನಲ್ಲಿ ಕಥೆ ಹುಟ್ಟುವ ಬಗೆ ಇದು.

ಅಂಥ ತೆರವು ನಮ್ಮ ಮಗ್ಗುಲಲ್ಲಿಯೂ ಇದೆ. ಗುಂಡ್ಲುಪೇಟೆ, ಚಾಮರಾಜನಗರಗಳ ನಮಗೆ ಹನೂರು ಸೀಮೆಯ ಒಡೆಯರಪಾಳ್ಯ ದೂರವಲ್ಲ. 1959ರಿಂದೀಚೆಗೆ ಹಿಮಾಲಯ ದಾಟಿ ಬಂದ ಟಿಬೆಟನ್ ಕುಟುಂಬಗಳು 1970ರ ದಶಕದಲ್ಲಿ ಅಲ್ಲಿ ನೆಲೆಯೂರಿದವು. ಹಿಮದ ನಾಡಿನ ಹೆಣ್ಣುಮಕ್ಕಳು ಮಳೆಯನ್ನೇ ನಂಬಿದ ಹೊಲದಲ್ಲಿ ಮುಸುಕಿನ ಜೋಳ ಬೆಳೆದರು. ಚಳಿಗಾಲ ಬಂದರೆ ಪರಊರುಗಳಲ್ಲಿ ಸ್ವೆಟರ್ ಮಾರಿ ಸಂಸಾರ ನಡೆಸಿದರು. ಕಣಿವೆ ದಾಟುವಾಗ ಯಾರನ್ನು ಕಳೆದುಕೊಂಡರು? ಯಾವ ಒಡವೆಯನ್ನು ಮಾರಿದರು? ಇಲ್ಲಿಯ ಮೊದಲ ಬೇಸಗೆಯನ್ನು ಹೇಗೆ ಸಹಿಸಿದರು? ನೋರ್ಬು ಅವರ ಹೋಮ್ಸ್ ಕೂಡ ಬಿಡಿಸದ ಒಗಟುಗಳಿವು.

ಅಂದು ಹತ್ತು ವರ್ಷದ ಬಾಲೆಯಾಗಿದ್ದವಳಿಗೆ ಇಂದು ಎಪ್ಪತ್ತೈದು ಮೀರಿದೆ. ನಮ್ಮ ಮನೆಗಳಲ್ಲಿ ಬರೆಯುವ ಹಂಬಲವುಳ್ಳ ಹೆಣ್ಣುಮಕ್ಕಳಿದ್ದರೆ, ಆ ತಾಯಂದಿರ ಬಳಿ ಕುಳಿತು ಕೇಳಲಿ. ಸಾಕ್ಷಿಗಳು ಬದುಕಿರುವಾಗಲೇ ಕೇಳಬೇಕು; ಆಮೇಲೆ ಉಳಿಯುವುದು ಊಹೆ ಮಾತ್ರ.